ಬರ್ಲಿನ್ ನಗರದಲ್ಲಿ ನನ್ನ ಮೊದಲ ದಿನಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



"ನೀವು ವಿದೇಶ ನೋಡಿ ಬಂದವರು, ಮಕ್ಕಳಿಗೆ ಅದರ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ನಾನು ನೋಡಿದ್ದು ಒಂದೇ ಊರು, ಅದೂ ಮೂರು ತಿಂಗಳು. 2017ರ ಚಳಿಗಾಲದಲ್ಲಿ ಕಾರ್ಖಾನೆಯವರು ಯಂತ್ರದ ತರಬೇತಿಗೆಂದು ನನ್ನನ್ನು ಜರ್ಮನಿಯ ಬರ್ಲಿನ್ನಿಗೆ ಕಳಿಸಿದ್ದರು. ಆದ್ದರಿಂದ ದೇಶದ ಬಗ್ಗೆ ಉಪನ್ಯಾಸ ಕೊಡುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ.

ಮೊದಲು ಕಂಡದ್ದು ಕತ್ತಲು. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ನಮ್ಮಲ್ಲಿ ಶಾಲೆ ಬಿಡುವ ಹೊತ್ತಿಗೆ ಅಲ್ಲಿ ಬೀದಿ ದೀಪ. ರಾತ್ರಿ ಊಟಕ್ಕೆ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚುವುದೇ ಇಲ್ಲ. ಬ್ರೆಡ್ಡು, ಬೆಣ್ಣೆ, ಚೀಸು, ಅಷ್ಟೆ. ಬಿಸಿ ಅನ್ನ, ಸಾರು ನೆನೆದು ಎರಡು ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರ ಬಹುತೇಕ ಅಂಗಡಿಗಳು ಬಂದ್. ಅದು ಗೊತ್ತಿಲ್ಲದೆ ಮೊದಲ ಭಾನುವಾರ ಚೀಲ ಹಿಡಿದು ಹೋಗಿ, ಬರಿಗೈಲಿ ಬಂದು, ಹೆಂಡತಿ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಅವಲಕ್ಕಿಯಲ್ಲಿ ದಿನ ಕಳೆದೆ.

ಮನೆಗಳಿಗೆ ಸಂಖ್ಯೆ ಇದೆ, ಆದರೆ ಒಳಗಿನ ಫ್ಲ್ಯಾಟುಗಳನ್ನು ಹೆಸರಿನಿಂದಲೇ ಗುರುತಿಸುತ್ತಾರೆ. ಗಂಟೆಯ ಗುಂಡಿಯ ಪಕ್ಕದಲ್ಲೂ ಅಂಚೆಪೆಟ್ಟಿಗೆಯ ಮೇಲೂ ಹೆಸರು ಅಂಟಿಸಬೇಕು. ಹೆಸರಿಲ್ಲದಿದ್ದರೆ ಪತ್ರ ವಾಪಸ್ಸು ಹೋಗುತ್ತದೆ.

ರಸ್ತೆ ದಾಟುವಲ್ಲಿ ಕೆಂಪು ದೀಪವಿದ್ದರೆ, ಒಂದು ವಾಹನವೂ ಇಲ್ಲದಾಗಲೂ ಬಹಳ ಜನ ನಿಂತೇ ಇರುತ್ತಾರೆ. ನಾನೊಮ್ಮೆ ದಾಟಲು ಹೋದಾಗ ಅಜ್ಜಿಯೊಬ್ಬರು ಮೆಲ್ಲಗೆ ಗದರಿ, ಪಕ್ಕದಲ್ಲಿದ್ದ ಮಗುವಿನ ಕಡೆ ಬೆರಳು ತೋರಿಸಿದರು. ಭಾಷೆ ಬಾರದಿದ್ದರೂ ಅರ್ಥವಾಯಿತು: ಮಗು ನೋಡುತ್ತಿದೆ.

ಪ್ಲಾಸ್ಟಿಕ್ ಬಾಟಲಿಯ ನೀರು ಕೊಂಡರೆ ಸಾಮಾನ್ಯವಾಗಿ 25 ಸೆಂಟು ಠೇವಣಿ ಕೊಡಬೇಕು. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಅದು ವಾಪಸ್ಸು. ವಾಪಸ್ಸು ಕೊಡಲು ಪುರುಸೊತ್ತಿಲ್ಲದವರು ಬಾಟಲಿಯನ್ನು ಕಸದ ಡಬ್ಬಿಯೊಳಗೆ ಹಾಕದೆ ಅದರ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ಯಾಕೆಂದರೆ ಅದನ್ನು ಆಯ್ದು ಬದುಕುವ ಬಡವರು, ಮುದುಕರು ಅಲ್ಲಿಯೂ ಇದ್ದಾರೆ. ಅವರು ಕಸದೊಳಗೆ ಕೈ ಹಾಕದಿರಲಿ ಎಂದು. ಶ್ರೀಮಂತ ದೇಶದಲ್ಲಿ ಈ ಎರಡನ್ನೂ ಒಟ್ಟಿಗೇ ಕಂಡೆ.

ಇನ್ನು ನನ್ನ ಪ್ರಸಂಗ. ಬರ್ಲಿನ್ನಿನ ನೆಲದಡಿಯ ರೈಲು 1902ರಲ್ಲಿ ಶುರುವಾದದ್ದು. ಇಂದಿಗೂ ಅದರ ನಿಲ್ದಾಣಗಳಲ್ಲಿ ನಮ್ಮ ಬೆಂಗಳೂರು ಮೆಟ್ರೋದಂತೆ ತಡೆಯುವ ಗೇಟುಗಳಿಲ್ಲ. ಟಿಕೆಟ್ ಕೊಂಡು, ಪ್ಲಾಟ್‌ಫಾರ್ಮಿನ ಚಿಕ್ಕ ಪೆಟ್ಟಿಗೆಯಲ್ಲಿ ನಾವೇ ಮುದ್ರೆ ಒತ್ತಿಸಿಕೊಂಡು ಹತ್ತಬೇಕಿತ್ತು. ನಾನು ಟಿಕೆಟ್ ಕೊಂಡೆ. ಮುದ್ರೆಯ ವಿಷಯ ಮೊದಲ ದಿನವೇ ಜೊತೆಗಾರ ಹೇಳಿದ್ದ. ಆದರೂ ಒತ್ತಿಸಲಿಲ್ಲ. ಯಾರೂ ಕೇಳದಿದ್ದರೆ ಅದೇ ಟಿಕೆಟ್ ನಾಳೆಗೂ ಆಯಿತಲ್ಲ! ನಾಲ್ಕು ದಿನ ಆಯಿತು ಕೂಡ. ಐದನೆಯ ದಿನ ಎದುರಿಗೆ ಕೂತಿದ್ದ, ಸಾಧಾರಣ ಜಾಕೆಟ್ ಹಾಕಿದ್ದ ಮನುಷ್ಯ ಎದ್ದು ಗುರುತಿನ ಚೀಟಿ ತೋರಿಸಿದ. ದಂಡ 60 ಯೂರೋ, ಆಗಿನ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಸಾವಿರ ರೂಪಾಯಿ. ಅವನು ಬೈಯಲಿಲ್ಲ. ಬೋಗಿಯಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ಅದೇ ಹೆಚ್ಚು ನಾಚಿಕೆಯಾಯಿತು.

ಆ ಸಂಜೆ ತಲೆ ತಗ್ಗಿಸಿ ನಡೆಯುತ್ತಿದ್ದಾಗ ಕಾಲುಹಾದಿಯ ಕಲ್ಲುಗಳ ನಡುವೆ ಹಿತ್ತಾಳೆಯ ತುಂಡೊಂದು ಹೊಳೆಯಿತು. ಅಂಗೈಯಷ್ಟು, ಹತ್ತು ಸೆಂಟಿಮೀಟರ್ ಚೌಕ. ಅದರಲ್ಲಿ ಬರೆದದ್ದನ್ನು ಮರುದಿನ ಜೊತೆಗಾರ ಓದಿ ಹೇಳಿದ. "ಇಲ್ಲಿ ವಾಸವಾಗಿದ್ದರು" ಎಂದು ಮೊದಲ ಸಾಲು. ಆಮೇಲೆ ಹೆಸರು, ಹುಟ್ಟಿದ ವರ್ಷ, ಯಾವಾಗ ಎಳೆದೊಯ್ದರು, ಎಲ್ಲಿ ಕೊಂದರು. ಹಿಟ್ಲರನ ಕಾಲದಲ್ಲಿ ಹಿಂಸೆಗೆ ಗುರಿಯಾದ ಯಹೂದಿಗಳು ಮತ್ತು ಇತರರ ಕಲ್ಲುಗಳು ಇವು. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಆರಂಭಿಸಿದ ಕೆಲಸ. ಈಗ ಯುರೋಪಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಲ್ಲುಗಳಿವೆ.

ಮುಂದಿನ ಭಾನುವಾರ ಗ್ರೂನೆವಾಲ್ಡ್ ನಿಲ್ದಾಣಕ್ಕೆ ಹೋದೆ. ಅಲ್ಲಿನ 17ನೆಯ ಹಳಿಯಿಂದ 1941ರ ಅಕ್ಟೋಬರಿನಿಂದ ಯಹೂದಿಗಳನ್ನು ರೈಲು ತುಂಬಿ ಸಾಗಿಸಿದರು. ಈಗ ಪ್ಲಾಟ್‌ಫಾರ್ಮಿನ ಅಂಚಿಗೆ ಉದ್ದಕ್ಕೂ ಲೋಹದ ಫಲಕಗಳು: ತಾರೀಖು, ಎಷ್ಟು ಜನ, ಎಲ್ಲಿಗೆ.

ಅಲ್ಲಿ ನಿಂತಾಗ ನನಗೆ ಅನಿಸಿತು. ಆ ರೈಲುಗಳೂ ವೇಳಾಪಟ್ಟಿಯಂತೆ ಹೊರಟವಲ್ಲ! ಕೆಂಪು ದೀಪಕ್ಕೆ ನಿಲ್ಲುವುದಷ್ಟೇ ಒಳ್ಳೆಯತನವಲ್ಲ. ತನ್ನ ಲೆಕ್ಕದಲ್ಲಿ ತಪ್ಪಿದ್ದನ್ನು ಎಲ್ಲರೂ ಓಡಾಡುವ ಜಾಗದಲ್ಲಿ, ಕಾಲಿಗೆ ತಗಲುವಂತೆ, ಬರೆದಿಟ್ಟುಕೊಳ್ಳುವುದು ಅದಕ್ಕಿಂತ ಕಷ್ಟದ್ದು.

ಆಗ ನೆನಪಾದದ್ದು ಈ ಶಾಲೆ. ಹೋಲಿಕೆ ತೀರಾ ಚಿಕ್ಕದು, ಕ್ಷಮಿಸಿ. 1984ರಲ್ಲಿ, ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ನಮ್ಮ ಗಣಿತದ ಮೇಷ್ಟ್ರು ಆ ಮೂಲೆಯ ಕಿಟಕಿಯ ಹತ್ತಿರ ಒಂದು ಮರದ ಪೆಟ್ಟಿಗೆ ಇಟ್ಟಿದ್ದರು. ಅದರಲ್ಲಿ ಪೆನ್ಸಿಲು, ರಬ್ಬರು, ರೀಫಿಲ್ಲು. ಕಾವಲಿಲ್ಲ. ಬೇಕಾದವರು ತಗೊಂಡು ಡಬ್ಬಿಗೆ ಕಾಸು ಹಾಕಬೇಕು. ಶನಿವಾರ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರು: ಮಾರಿದ್ದು ಇಷ್ಟು, ಬಂದದ್ದು ಇಷ್ಟು, ಕಡಿಮೆ ಇಷ್ಟು. ಯಾರು ಎಂದು ಒಮ್ಮೆಯೂ ಕೇಳಲಿಲ್ಲ. ಸೋಮವಾರದವರೆಗೂ ಅದನ್ನು ಒರೆಸುತ್ತಲೂ ಇರಲಿಲ್ಲ.

ಒಂದು ಶನಿವಾರ ಬೋರ್ಡಿನ ಮೇಲಿತ್ತು: "ಕಡಿಮೆ 60 ಪೈಸೆ." ಅದು ನಾನು ತೆಗೆದುಕೊಂಡ ರೀಫಿಲ್ಲಿನ ಬೆಲೆ. ನನ್ನ ಪಕ್ಕ ಕೂರುತ್ತಿದ್ದ, ಕೂಲಿಯವರ ಮಗನ ಮೇಲೆ ಹುಡುಗರು ಅನುಮಾನಪಟ್ಟರು. ನಾನು ಸುಮ್ಮನಿದ್ದೆ. ಅವನು ಹತ್ತನೆಯ ತರಗತಿಗೆ ಬರಲಿಲ್ಲ. ಕಾರಣ ಅದೊಂದೇ ಇರಲಾರದು. ಅವನ ಮನೆಯ ಕಷ್ಟ ನಮಗೆಲ್ಲ ಗೊತ್ತಿತ್ತು. ಆದರೆ ಆ ಶನಿವಾರ ಅವನು ನನ್ನ ಮುಖ ನೋಡಿದ್ದು ನನಗೆ ಇಂದಿಗೂ ಮರೆತಿಲ್ಲ. ಅವನು ಇಂದು ಈ ಸಭೆಯಲ್ಲಿದ್ದಾನೋ ಇಲ್ಲವೋ, ನಿಮ್ಮೆಲ್ಲರ ಎದುರಿಗೆ ಹೇಳುತ್ತಿದ್ದೇನೆ: ತೆಗೆದವನು ನಾನು. ಮೇಷ್ಟ್ರು ಈಗಿಲ್ಲ. ಅವರಿಗೆ ಹೇಳುವುದು ತಡವಾಯಿತು.

ಮಕ್ಕಳೇ, ಬೆಳಗ್ಗೆ ವಿಚಾರಿಸಿದೆ, ಆ ಪೆಟ್ಟಿಗೆ ನಿಂತು ಬಹಳ ವರ್ಷವಾಯಿತಂತೆ. ಮುಖ್ಯೋಪಾಧ್ಯಾಯರು ಒಪ್ಪಿದರೆ ಅದನ್ನು ಮತ್ತೆ ಇಡೋಣ. ಮೊದಲ ವರ್ಷದ ಸಾಮಾನು ನನ್ನದು. ಒಂದೇ ಕೋರಿಕೆ: ಶನಿವಾರದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಿರಿ. ಕಡಿಮೆ ಬಂದರೂ ಬರೆಯಿರಿ. ಹೆಸರು ಹುಡುಕಲು ಹೋಗಬೇಡಿ, ಪಕ್ಕದವನ ಮೇಲೆ ಅನುಮಾನವನ್ನೂ ಪಡಬೇಡಿ. ಮನೆಗೆ ಹೋಗುವ ಮುಂಚೆ ಪ್ರತಿಯೊಬ್ಬರೂ ಅದನ್ನು ಒಮ್ಮೆ ಓದಿಕೊಂಡು ಹೋದರೆ ಸಾಕು.