ನೆರವು ಪಡೆದವನಿಗೆ ಪೌರತ್ವವಿಲ್ಲವೇ?



ಇಂದು ನಾನು ಜರ್ಮನಿಯ ಒಂದು ಕಾನೂನಿನ ಕುರಿತು ಮಾತಾಡಲು ಬಯಸುತ್ತೇನೆ. ದೂರದ ದೇಶದ ಕಾನೂನು ನಮಗೇಕೆ ಎಂದು ನೀವು ಕೇಳಬಹುದು. ಬಡವನು ಸರಕಾರದಿಂದ ಪಡೆಯುವ ನೆರವು ಅವನ ಹಕ್ಕೋ, ಅವನಿಗಂಟಿದ ಕಳಂಕವೋ ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ.

1961ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿಯು ತುರ್ಕಿಯೊಂದಿಗೆ ಕಾರ್ಮಿಕರ ನೇಮಕಾತಿಯ ಒಪ್ಪಂದ ಮಾಡಿಕೊಂಡಿತು. ಗಣಿಗಳಿಗೆ, ಉಕ್ಕು ಮತ್ತು ಮೋಟಾರು ಕಾರ್ಖಾನೆಗಳಿಗೆ ದುಡಿಯುವ ಕೈಗಳು ಬೇಕಾಗಿದ್ದುವು. ಬಂದವರಿಗೆ 'ಅತಿಥಿ ಕಾರ್ಮಿಕರು' ಎಂದು ಹೆಸರಿಟ್ಟರು. ಅತಿಥಿಯೆಂದರೆ ಹೊರಟು ಹೋಗಬೇಕಾದವನು ತಾನೇ! 1973ರಲ್ಲಿ ನೇಮಕಾತಿ ನಿಂತಿತು. ಆದರೆ ಅನೇಕರು ಮಡದಿ ಮಕ್ಕಳನ್ನು ಕರೆಸಿಕೊಂಡು ಅಲ್ಲೇ ನೆಲೆಸಿದರು.

2024ರ ಜೂನ್ 27ರಂದು ಅಲ್ಲಿ ಹೊಸ ಪೌರತ್ವ ಕಾನೂನು ಜಾರಿಗೆ ಬಂತು. ವಾಸದ ಅವಧಿ 8 ವರ್ಷದಿಂದ 5 ವರ್ಷಕ್ಕಿಳಿಯಿತು. ಮೂಲ ದೇಶದ ಪೌರತ್ವ ತ್ಯಜಿಸಬೇಕೆಂಬ ಷರತ್ತು ಹೋಯಿತು. ಇದು ಸ್ವಾಗತಾರ್ಹ. ಆದರೆ ಅದೇ ಕಾನೂನು ಬಡವರ ಪಾಲಿಗೆ ಇನ್ನೊಂದು ಬಾಗಿಲನ್ನು ಮುಚ್ಚಿತು.

ಸರಕಾರದ ಜೀವನಾಧಾರ ನೆರವಿಲ್ಲದೆ ತನ್ನ ಕುಟುಂಬವನ್ನು ಸಾಕಬಲ್ಲವನಿಗೆ ಮಾತ್ರ ಪೌರತ್ವದ ಹಕ್ಕು ಎಂಬ ನಿಯಮ ಹಿಂದೆಯೂ ಇತ್ತು. ಆದರೆ ನೆರವು ಪಡೆಯುವ ಸ್ಥಿತಿಗೆ ಅರ್ಜಿದಾರನು ಸ್ವತಃ ಹೊಣೆಯಲ್ಲದಿದ್ದರೆ ಅದು ಅಡ್ಡಿಯಾಗುತ್ತಿರಲಿಲ್ಲ. ಅಂಗವಿಕಲರು, ಹಾಸಿಗೆ ಹಿಡಿದ ತಾಯಿಯ ಶುಶ್ರೂಷೆ ಮಾಡುವ ಮಗಳು, ಎಳೆ ಮಕ್ಕಳೊಂದಿಗೆ ಒಂಟಿಯಾದ ಹೆಂಗಸು ಇದರ ರಕ್ಷಣೆ ಪಡೆಯಬಹುದಿತ್ತು. 2024ರಲ್ಲಿ ಈ ಸಾಮಾನ್ಯ ವಿನಾಯಿತಿಯನ್ನು ಕಿತ್ತುಹಾಕಲಾಯಿತು. 1974ರ ಜೂನ್ ಅಂತ್ಯದೊಳಗೆ ಬಂದ ಅತಿಥಿ ಕಾರ್ಮಿಕರಿಗೆ, ಪೂರ್ವ ಜರ್ಮನಿಯ ಹಳೆಯ ಗುತ್ತಿಗೆ ಕಾರ್ಮಿಕರಿಗೆ ಮಾತ್ರ ಅದು ಉಳಿಯಿತು. ಇವರಲ್ಲದೆ, ಕಳೆದ 24 ತಿಂಗಳಲ್ಲಿ 20 ತಿಂಗಳು ಪೂರ್ಣಾವಧಿ ದುಡಿದವನಿಗೂ, ಅವನೊಂದಿಗೆ ಅಪ್ರಾಪ್ತ ಮಗುವನ್ನು ಸಾಕುತ್ತಿರುವ ಪತ್ನಿಗೂ ವಿನಾಯಿತಿಯಿದೆ.

ಇಲ್ಲಿನ ವೈಚಿತ್ರ್ಯವನ್ನು ಗಮನಿಸಿರಿ. ಗಂಡನು ದುಡಿಯುತ್ತಿದ್ದರೆ ಮನೆಯಲ್ಲಿ ಮಗುವನ್ನು ಸಾಕುವ ಹೆಂಡತಿಗೆ ವಿನಾಯಿತಿ. ಗಂಡನಿಲ್ಲದೆ, ಅರ್ಧ ದಿನ ದುಡಿದು ಉಳಿದರ್ಧ ದಿನ ಮಗುವನ್ನು ಸಾಕುವ ತಾಯಿಗೆ ಇಲ್ಲ! ಆಕೆ ತನ್ನದು ವಿಶೇಷ ಸಂಕಷ್ಟವೆಂದು ಅಧಿಕಾರಿಯ ಮುಂದೆ ನಿವೇದಿಸಬೇಕು. ಕೊಡುವುದು ಬಿಡುವುದು ಅವನ ವಿವೇಚನೆ. ಹಕ್ಕಾಗಿದ್ದುದು ದಯೆಯಾಗಿ ಮಾರ್ಪಟ್ಟಿತು.

ಪೌರನಾಗುವವನು ಸ್ವಂತ ಕಾಲ ಮೇಲೆ ನಿಲ್ಲಬೇಡವೇ ಎಂದು ಅಲ್ಲಿಯವರು ವಾದಿಸುತ್ತಾರೆ. ದುಡಿಮೆಯ ಹಿರಿಮೆಯನ್ನು ಇಸ್ಲಾಮ್ ಕೂಡ ಎತ್ತಿ ಹಿಡಿಯುತ್ತದೆ, ಬೇಡುವುದನ್ನು ಮೆಚ್ಚುವುದಿಲ್ಲ. ಆದರೆ ಅಶಕ್ತನನ್ನೂ ಸೋಮಾರಿಯನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಝಕಾತ್ ಬಡವನ ಹಕ್ಕೇ ಹೊರತು ಧನಿಕನ ಔದಾರ್ಯವಲ್ಲ. ಹ. ಉಮರ್(ರ) ಒಮ್ಮೆ ಬೇಡುತ್ತಿದ್ದ ವೃದ್ಧ ಯಹೂದಿಯೊಬ್ಬನನ್ನು ಕಂಡರೆಂದು ಇಮಾಮ್ ಅಬೂ ಯೂಸುಫ್ ದಾಖಲಿಸಿದ್ದಾರೆ. ಯೌವನದಲ್ಲಿ ಅವನಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ಅವರು ಬೈತುಲ್ ಮಾಲ್‌ನಿಂದ ಅವನಿಗೆ ನೆರವು ಗೊತ್ತುಮಾಡಿದರು. ಅವನ ಧರ್ಮ ಅಡ್ಡ ಬರಲಿಲ್ಲ.

ಇನ್ನೊಂದು ಮಾತು. ಇಂತಹ ಕಾನೂನುಗಳು ತಮಗೆ ಸಂಬಂಧಿಸದವರನ್ನೂ ಹೆದರಿಸುತ್ತವೆ. ಜರ್ಮನಿಯಲ್ಲಿ ಮಕ್ಕಳ ಭತ್ತೆ, ದುಡಿದವನು ವಂತಿಗೆ ಕಟ್ಟಿ ಪಡೆಯುವ ನಿರುದ್ಯೋಗ ವಿಮೆ, ಮನೆ ಬಾಡಿಗೆಯ ಭತ್ತೆ ಈ ನಿಷೇಧಿತ ನೆರವಿನ ಪಟ್ಟಿಯಲ್ಲಿಲ್ಲ. ನಿಮ್ಮ ಬಂಧುಗಳು ಅಲ್ಲಿದ್ದರೆ, ಪೌರತ್ವದ ಆಸೆಯಿಂದ ಮಕ್ಕಳ ಪಾಲಿನ ಹಣವನ್ನು ಬಿಟ್ಟುಕೊಡಬೇಡಿರೆಂದು, ಅರ್ಜಿ ಹಾಕುವ ಮುನ್ನ ಕಾನೂನು ಬಲ್ಲವರನ್ನು ವಿಚಾರಿಸಿರೆಂದು ತಿಳಿಸಿರಿ.