ನಡುಕದ ಬೇನೆಯೂ ನೆನಪಿನ ಪರೀಕ್ಷೆಯೂ



ನಾವು ವೈದ್ಯರಲ್ಲ; ವ್ಯಾಕರಣದ ಪಾಠ ಹೇಳುವವರು. ಆದರೂ ಇಂದು ಮಿದುಳಿನ ಬೇನೆಯೊಂದನ್ನು ಕುರಿತು ಮಾತನಾಡಲು ನಿಂತಿದ್ದೇವೆ. ಇದಕ್ಕೆ ಕಾರಣ ಇಚಲಕರಂಜಿಯಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರು. ನಲವತ್ತು ವರುಷ ಮಗ್ಗ ನಡೆಯಿಸಿದ ಅವರ ಕೈಗೆ ನಡುಕ ಬಂದಿತು. ಬಳಿಕ ನಡಿಗೆ ತಡವರಿಸಿತು. ಕಡೆಗೆ ಸಂತೆಯ ಲೆಕ್ಕ ತಪ್ಪತೊಡಗಿತು, ಹಿಡಿದ ಕೆಲಸದ ಮುಂದಿನ ಹಂತ ಮರೆಯತೊಡಗಿತು.

ನಮ್ಮ ಆಯುರ್ವೇದವು ಕಂಪವಾತವೆಂದು ಕರೆದ ಇಂಥ ಬೇನೆಯನ್ನು ೧೮೧೭ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯನು ವಿವರಿಸಿದನು. ಇದರಲ್ಲಿ ಬುದ್ಧಿಗೆ ಊನವಿಲ್ಲವೆಂಬುದು ಆತನ ಅಭಿಪ್ರಾಯವಾಗಿದ್ದಿತು. ಆ ಮಾತು ನಿಲ್ಲಲಿಲ್ಲ. ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ದ್ರವ್ಯವನ್ನು ಒದಗಿಸುವ ಕಣಗಳು ನಶಿಸುತ್ತ ಹೋಗುವುದೇ ಈ ರೋಗದ ಮುಖ್ಯ ಲಕ್ಷಣ. ಇದಕ್ಕೆ ಕೊಡುವ ಲೆವೊಡೋಪ ಎಂಬ ಔಷಧದ್ರವ್ಯವು ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲಿಯೂ ಇದೆ (ಹಾಗೆಂದು ಯಾರೂ ಬೀಜವನ್ನು ಅರೆದು ಕುಡಿಯತಕ್ಕದ್ದಲ್ಲ). ಈ ಔಷಧವು ಕೈಕಾಲುಗಳಿಗೆ ಮಾಡುವಷ್ಟು ಉಪಕಾರವನ್ನು ನೆನಪಿಗೆ ಮಾಡದು. ಆದುದರಿಂದಲೇ ವಿದ್ವಾಂಸರ ದೃಷ್ಟಿ ವಿದ್ಯುತ್ತಿನ ಕಡೆಗೆ ಹೊರಳಿತು.

ವಿದ್ಯುತ್ತೆಂದೊಡನೆ ಬೆದರಬೇಕಾಗಿಲ್ಲ. ಹುಚ್ಚಿಗೆ ಕೊಡುವ ‘ಶಾಕ್’ ಇದಲ್ಲ; ತಲೆಬುರುಡೆ ಕೊರೆಯುವ ಶಸ್ತ್ರಕ್ರಿಯೆಯೂ ಅಲ್ಲ. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ತಲೆಗೆ ಕಟ್ಟಿ, ೧ ಅಥವಾ ೨ ಮಿಲಿಆಂಪಿಯರಿನಷ್ಟು ಸೌಮ್ಯ ಪ್ರವಾಹವನ್ನು ಸುಮಾರು ೨೦ ನಿಮಿಷ ಹರಿಯಿಸುವರು. ಹಳೆಯ ಕೈದೀಪದ ಬಲ್ಬಿಗೆ ಬೇಕಾಗುವುದರ ನೂರರಲ್ಲಿ ಒಂದು ಪಾಲೂ ಇದಲ್ಲ. ಚರ್ಮ ಕೊಂಚ ಚುರುಗುಟ್ಟುವುದು, ನವೆಯಾಗುವುದು, ಅಷ್ಟೆ. ನರಕಣಗಳನ್ನು ಇದು ಬಲವಂತವಾಗಿ ಕೆಲಸಕ್ಕೆ ಹಚ್ಚುವುದಿಲ್ಲ. ಕೆಲಸಕ್ಕೆ ಒಂದಿಷ್ಟು ಸುಲಭವಾಗಿ ಏಳುವಂತೆ ಅಣಿಮಾಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದೇ ವಿಧಾನವನ್ನು, ಇಲ್ಲದ ದನಿಗಳು ಕೇಳಿಸುವ ಮಾನಸಿಕ ರೋಗಿಗಳಿಗೆ ಬಳಸಿ ನೋಡಿದ್ದಾರೆ.

ಪಾರ್ಕಿನ್ಸನ್ ರೋಗದ ೧೮ ಜನರ ಮೇಲೆ ನಡೆಸಿದ ಪ್ರಯೋಗವೊಂದು ೨೦೦೬ರಲ್ಲಿ ಪ್ರಕಟವಾಯಿತು. ಹಣೆಯ ಎಡಭಾಗಕ್ಕೆ ೨ ಮಿಲಿಆಂಪಿಯರ್ ಕೊಟ್ಟಾಗ ಅವರ ತತ್ಕಾಲದ ನೆನಪು ಉತ್ತಮಗೊಂಡಿತು. ೧ ಕೊಟ್ಟಾಗ ಇಲ್ಲ. ಅಳೆದದ್ದು ಹೇಗೆ? ಅಕ್ಷರಗಳನ್ನು ಒಂದೊಂದಾಗಿ ತೋರಿಸಿ, ಮೂರು ಅಕ್ಷರಗಳ ಹಿಂದೆ ಕಂಡದ್ದೇ ಈಗಲೂ ಬಂದಿತೆ ಎಂದು ಕೇಳಿ! ಆ ಬಳಿಕ ನಡೆದ ಪ್ರಯೋಗಗಳ ಫಲ ಒಂದೇ ತೆರನಾಗಿಲ್ಲ. ಇದಿನ್ನೂ ಪರೀಕ್ಷೆಯಲ್ಲಿರುವ ಉಪಾಯ, ಸಿದ್ಧೌಷಧವಲ್ಲ. ಯಂತ್ರವನ್ನು ಕೊಂಡುತಂದು ಮನೆಯಲ್ಲಿ ಕಟ್ಟಿಕೊಳ್ಳುವುದು ಅವಿವೇಕ.

ನಮ್ಮ ಗಮನವನ್ನು ಸೆಳೆದುದು ಆ ಅಕ್ಷರದ ಮಾತು. ಉಪಾಯ ಯಾವುದೇ ಇರಲಿ, ಬುದ್ಧಿ ಎಷ್ಟು ಕುಂದಿತು, ಎಷ್ಟು ಚೇತರಿಸಿತು ಎಂಬುದನ್ನು ಬಹುಮಟ್ಟಿಗೆ ಮಾತಿನಿಂದಲೇ ತಿಳಿಯಬೇಕಾಗಿದೆ. ನೆರೆಮನೆಯ ಹಿರಿಯರನ್ನು ಒಂದು ಆಸ್ಪತ್ರೆಗೆ ಕರೆದೊಯ್ದಾಗ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರೆಂದು ಮರಾಠಿಯಲ್ಲಿ ಕೇಳಿದರು. ನಾಲ್ಕು ಹೇಳಿ ಸುಮ್ಮನಾದರು. ಸಂಜೆ ಕಟ್ಟೆಯ ಮೇಲೆ ನಾವು ಅದನ್ನೇ ಕನ್ನಡದಲ್ಲಿ ಕೇಳಿದೆವು. “ಎತ್ತ, ಆಕಳ, ಎಮ್ಮಿ, ಹೋತ, ಟಗರ, ಕತ್ತಿ, ನರಿ, ತ್ವಾಳ…” ಎಂದು ಹನ್ನೊಂದರವರೆಗೆ ನಡೆದರು. ಆಮೇಲೆ, “ಮಾಸ್ತರ, ಅಲ್ಲಿ ಹೆಸರ ನೆನಪಿದ್ದೂ ಅವರ ಮಾತ ಬಾಯಿಗಿ ಬರಲಿಲ್ರೀ” ಎಂದರು.

ಅವರ ನೆನಪು ಕುಂದಿರಲಿಲ್ಲವೆಂದು ನಾವು ಹೇಳುವುದಿಲ್ಲ. ಕುಂದಿದ್ದಿತು. ಆದರೆ ಎಷ್ಟೆಂಬುದು ಆ ಕಾಗದದಲ್ಲಿ ಸರಿಯಾಗಿ ಮೂಡಲಿಲ್ಲ. ವೈದ್ಯರಲ್ಲಿ ದೋಷವೆಣಿಸಲಾಗದು, ಮನೆಮಾತು ಯಾವುದೆಂದು ನಮ್ಮವರೂ ಹೇಳಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ಇಂಥ ಪರೀಕ್ಷೆಗಳನ್ನು ಕನ್ನಡದಲ್ಲಿಯೂ ಸಿದ್ಧಗೊಳಿಸಿದೆ. ಕೊಲ್ಲಾಪುರಕ್ಕಾಗಲಿ ಗಡಹಿಂಗ್ಲಜಕ್ಕಾಗಲಿ ಹಿರಿಯರನ್ನು ತೋರಿಸಲು ಹೋಗುವವರು, “ಇವರ ಮನೆಮಾತು ಕನ್ನಡ” ಎಂದು ಮೊದಲೇ ತಿಳಿಸಿರಿ. ಜೊತೆಗೆ ಎರಡೂ ಭಾಷೆ ಬಲ್ಲವರೊಬ್ಬರಿರಲಿ. ಆದರೆ ಅವರು ಪ್ರಶ್ನೆಯನ್ನು ತಿಳಿಯಹೇಳಬೇಕೇ ಹೊರತು ಉತ್ತರವನ್ನು ಎತ್ತಿಕೊಡಬಾರದು. ಮಾಸ್ತರಿಕೆಯವರಾದ ನಮಗೆ ಇದು ಕಠಿಣವೆಂದು ಬಲ್ಲೆವು. ಮುಂದಿನ ತಿಂಗಳು ಆ ಹಿರಿಯರೊಡನೆ ಹೋಗಲು ಒಪ್ಪಿಕೊಂಡಿದ್ದೇವೆ; ಬಾಯಿ ಬಿಗಿಹಿಡಿದು ಕೂಡಬೇಕೆಂದು ಅವರ ಮಗಳು ಈಗಲೇ ಮಾತು ತೆಗೆದುಕೊಂಡಿದ್ದಾಳೆ.