ಅನುಮಾನದ ಡೊಮೇನ್: ತಡೆಯುವ ಮುನ್ನ



ಕಂಪ್ಯೂಟರ್ ಜಾಲ ನೋಡಿಕೊಳ್ಳುವವರಿಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದನ್ನು ಇಂದು ಎತ್ತಿಕೊಂಡಿದ್ದೇನೆ. ಕಚೇರಿಯ ಯಂತ್ರವೊಂದು ಯಾರೂ ಕೇಳರಿಯದ ಡೊಮೇನ್ ಅನ್ನು ಹುಡುಕುತ್ತಿದೆ. ಅದಕ್ಕೂ ಮಾಲ್‌ವೇರ್‌ಗೂ ನಂಟಿದೆಯೆಂದು ಎಚ್ಚರಿಕೆ ಬಂದಿದೆ. ಏನು ಮಾಡಬೇಕು? ‘ಬ್ಲಾಕ್ ಮಾಡಿ’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಬಹಳಷ್ಟು ಸಲ ಅದು ಸರಿಯೂ ಹೌದು. ಅದು ತಪ್ಪಾಗಿದ್ದ ಪ್ರಸಂಗವೊಂದಿದೆ. ಅದನ್ನು ಬಿಡಿಸಿ ನೋಡೋಣ.

2017ರ ಮೇ 12, ಶುಕ್ರವಾರ. ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ವಿಂಡೋಸ್‌ನ ದೋಷವೊಂದನ್ನು ಹಿಡಿದು ಯಂತ್ರದಿಂದ ಯಂತ್ರಕ್ಕೆ ತಾನೇ ಹರಡತೊಡಗಿತು. ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು. ಹಾಕಿಕೊಳ್ಳದೆ ಉಳಿದ ಯಂತ್ರಗಳಿಗೆ ಲೆಕ್ಕವಿರಲಿಲ್ಲ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗದ ಕೆಲಸ ಅಸ್ತವ್ಯಸ್ತವಾಯಿತು.

ಆ ಪ್ರೋಗ್ರಾಂ ಕೆಲಸ ಶುರುಮಾಡುವ ಮುನ್ನ 41 ಅಕ್ಷರ, ಅಂಕಿಗಳ ಅರ್ಥವಿಲ್ಲದ ಡಾಟ್‌ಕಾಮ್ ಹೆಸರೊಂದನ್ನು ಸಂಪರ್ಕಿಸಲು ನೋಡುತ್ತಿತ್ತು. ಆ ಹೆಸರು ಯಾರ ಸ್ವತ್ತೂ ಆಗಿರಲಿಲ್ಲ. ಬ್ರಿಟನ್ನಿನ ಸಂಶೋಧಕ ಮಾರ್ಕಸ್ ಹಚಿನ್ಸ್ 10.69 ಡಾಲರ್ ಕೊಟ್ಟು ಅದನ್ನು ನೋಂದಾಯಿಸಿದರು. ಎಷ್ಟು ಯಂತ್ರಗಳು ಸೋಂಕಿಗೆ ಸಿಕ್ಕಿವೆ ಎಂದು ತಿಳಿಯುವುದು ಅವರ ಉದ್ದೇಶ. ಆದರೆ ಪ್ರೋಗ್ರಾಂನ ಒಳಗಿದ್ದ ನಿಯಮ ಬೇರೆಯೇ ಇತ್ತು: ಆ ವಿಳಾಸದಿಂದ ಉತ್ತರ ಬಂದರೆ ಏನೂ ಮಾಡದೆ ನಿಲ್ಲಬೇಕು. ಡೊಮೇನ್ ಉತ್ತರಿಸತೊಡಗಿತು, ಹಾವಳಿ ಇಳಿಯಿತು.

ಈಗ ನಮ್ಮ ಫೈರ್‌ವಾಲ್‌ನ ಮುಂದೆ ಕೂತವರನ್ನು ನೆನೆಯಿರಿ. ಅವರ ಕೈಯಲ್ಲಿರುವ ಪಟ್ಟಿಯಲ್ಲಿ ಆ ಹೆಸರಿದೆ, ಪಕ್ಕದಲ್ಲಿ ‘ವನ್ನಾಕ್ರೈ’ ಎಂದಿದೆ. ಅವರು ಶ್ರದ್ಧೆಯಿಂದ ತಡೆದರೆ ಪ್ರೋಗ್ರಾಂಗೆ ಉತ್ತರ ಸಿಗುವುದಿಲ್ಲ, ಕಡತಗಳು ಹೋದಂತೆಯೇ. ಹೀಗಾಗಿಯೇ ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ ಈ ಡೊಮೇನ್ ಅನ್ನು ತಡೆಯಬೇಡಿ ಎಂದು ಹೇಳಬೇಕಾಯಿತು. ಪ್ರಾಕ್ಸಿಯ ಮೂಲಕ ಮಾತ್ರ ಹೊರಹೋಗುವ ಜಾಲಗಳಲ್ಲಂತೂ ತಡೆಯದೆಯೂ ಅಪಾಯವಿತ್ತು. ಆ ಪ್ರೋಗ್ರಾಂಗೆ ಪ್ರಾಕ್ಸಿ ಬಳಸಲು ಬರುತ್ತಿರಲಿಲ್ಲ, ಹಾಗಾಗಿ ಉತ್ತರ ಅದನ್ನು ತಲುಪುತ್ತಿರಲಿಲ್ಲ.

ಆದ್ದರಿಂದ ಡೊಮೇನ್ ಕೆಟ್ಟದ್ದೇ ಎಂದು ಕೇಳಿ ಸುಮ್ಮನಾದರೆ ಸಾಲದು ಎನ್ನುತ್ತೇನೆ. ಅದು ಇವತ್ತು ಯಾರ ಕೈಯಲ್ಲಿದೆ, ಯಾವ ಸರ್ವರ್‌ಗೆ ಹೋಗುತ್ತದೆ, ಉತ್ತರ ಬಂದಾಗ ಮಾಲ್‌ವೇರ್ ಏನು ಮಾಡುತ್ತದೆ, ಬಾರದಿದ್ದಾಗ ಏನು ಮಾಡುತ್ತದೆ? ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ವನ್ನಾಕ್ರೈನಲ್ಲಿ ನಿರ್ಣಾಯಕವಾದದ್ದು ಅದೇ.

ನೋಂದಣಿಯ ವಯಸ್ಸನ್ನೂ ಪೂರ್ತಿ ನಂಬಬೇಡಿ. ಹೊಸ ಡೊಮೇನ್ ಮೇಲೆ ಅನುಮಾನ ಪಡುವುದು ಒಳ್ಳೆಯ ರೂಢಿಯೇ. ಆದರೆ ಸೋಲಾರ್‌ವಿಂಡ್ಸ್ ಕಂಪನಿಯ ತಂತ್ರಾಂಶದ ಮೂಲಕ ನಡೆದ ದಾಳಿಯ ಡೊಮೇನ್ 2018ರಲ್ಲೇ ನೋಂದಣಿಯಾಗಿತ್ತು. ದಾಳಿ ಬಯಲಾದದ್ದು 2020ರ ಡಿಸೆಂಬರ್‌ನಲ್ಲಿ. ಹೆಸರೂ ಯಾವುದೋ ಕ್ಲೌಡ್ ಸೇವೆಯದೆಂಬಂತೆ ಸಾಧುವಾಗಿತ್ತು. ಅನುಮಾನಕ್ಕೆ ಎಡೆ ಇದ್ದದ್ದು ಅದರ ಮುಂದೆ ಸೇರುತ್ತಿದ್ದ ಉದ್ದುದ್ದ ಉಪಹೆಸರುಗಳಲ್ಲಿ: ಸೋಂಕಿತ ಸಂಸ್ಥೆಯ ಒಳಜಾಲದ ಹೆಸರೇ ಸಂಕೇತರೂಪದಲ್ಲಿ ಅಲ್ಲಿ ಅಡಗಿ ಹೊರಹೋಗುತ್ತಿತ್ತು. ಮುಂದೆ ಮೈಕ್ರೋಸಾಫ್ಟ್ ಮತ್ತು ಜೊತೆಗಾರರು ಆ ಡೊಮೇನ್ ಅನ್ನೂ ವಶಕ್ಕೆ ಪಡೆದು ಮಾಲ್‌ವೇರ್ ನಿಲ್ಲಿಸಲು ಬಳಸಿದರು.

ಇನ್ನೊಂದು ಮಾತು. ತಡೆದರೂ ಬಿಟ್ಟರೂ ಆ ಹೆಸರನ್ನು ಕೇಳಿದ ಯಂತ್ರ ನಿಮ್ಮ ಕಟ್ಟಡದಲ್ಲೇ ಇದೆ. ಡಿಎನ್‌ಎಸ್ ಲಾಗ್ ತೆರೆದು ಅದರ ಐಪಿ ವಿಳಾಸ ಹಿಡಿಯಿರಿ, ಜಾಲದಿಂದ ಬೇರ್ಪಡಿಸಿ, ಅದಕ್ಕೆ ಸೋಂಕು ಯಾವ ದಾರಿಯಲ್ಲಿ ಬಂತೆಂದು ಪತ್ತೆ ಮಾಡಿ, ಭಾರತದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸಿಇಆರ್‌ಟಿ-ಇನ್‌ಗೆ ವರದಿ ಕಳಿಸಿ.